ತಿಪ್ಪೇಶಿ ಸಂಘ ಸೇರಿದ್ದು

ಕೇಳ್ರಪ್ಪಾ, ಓಬಮ್ಮನಿಗೆ ಇದ್ದದ್ದು ಒಬ್ಬನೇ ಮಗ, ತಿಪ್ಪೇಶಿ. ವಯಸ್ಸು ಮೂವತ್ತು ದಾಟಿತ್ತು, ಎತ್ತಿನಂಥ ಮೈಕಟ್ಟು, ತಲೆಯೊಳಗೆ ಮಾತ್ರ ಇನ್ನೂ ಬಿತ್ತನೆ ಆಗಿರಲಿಲ್ಲ. "ಹಾಲು ಉಕ್ಕುತ್ತೇನೋ ನೋಡ್ತಾ ಇರು" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ಕೂರುವ ಆಸಾಮಿ.

"ನೋಡು ಅಂದೆ, ನೋಡಿದೆ ಕಣವ್ವಾ!"

"ಅಯ್ಯೋ, ನಿನ್ನ ಹೆತ್ತ ಹೊಟ್ಟೆಗೆ ಯಾರು ಸಮಾಧಾನ ಹೇಳ್ತಾರೋ!"

ಇಂಥ ತಿಪ್ಪೇಶಿ ಹೈವೇ ಪಕ್ಕದ ಮಹಾರುದ್ರಪ್ಪನ ಹೋಟ್ಲಿನಲ್ಲಿ ಸಪ್ಲೈಗಿದ್ದ. ಅಲ್ಲಿ ಕೆಲಸದವರಿಗೆ ಕೂರಲು ಒಂದು ಸ್ಟೂಲಿಲ್ಲ, ವಾರಕ್ಕೊಂದು ರಜೆಯಿಲ್ಲ. ಪಾತ್ರೆ ತೊಳೆಯುವ ಗೌರಕ್ಕ ಒಂದು ದಿನ ನಿಂತಲ್ಲೇ ಬವಳಿ ಬಂದು ಬಿದ್ದಳು. ಸಾವ್ಕಾರ ಮಹಾರುದ್ರಪ್ಪ ಬಂದು ನೋಡಿ, "ಎದ್ದ ಮೇಲೆ ಆ ತಪ್ಪಲೆ ತೊಳಿ" ಅಂದ. ಗೌರಕ್ಕ ಎದ್ದಳು. ತಪ್ಪಲೆ ತೊಳೆಯಲಿಲ್ಲ, "ಸಂಘ ಕಟ್ಟೋಣ" ಅಂದಳು.

ಸಂಘಕ್ಕೆ ಏಳು ಜನ ಬೇಕು. ಆರು ಜನ ಆದರು. ಏಳನೆಯವನು ಯಾರು? ಉಳಿದವನು ತಿಪ್ಪೇಶಿ ಒಬ್ಬನೇ! ಹೆಬ್ಬೆಟ್ಟು ಒತ್ತಿಸಿಕೊಂಡು ಗೌರಕ್ಕ ಹೇಳಿದಳು: "ಹೋಟ್ಲಲ್ಲಿ ಬಾಯಿ ಬಿಟ್ಟೀಯ, ಜೋಕೆ!"

ಮಾರನೆಯ ದಿನ ಗಿರಾಕಿ ಬಂದು ಕೂತ. "ತಿಂಡಿ ಏನೈತಪ್ಪಾ?"

ತಿಪ್ಪೇಶಿ ತುಟಿ ಬಿಗಿಹಿಡಿದು ನಿಂತ.

"ಇಡ್ಲಿ ಐತಾ?" ಮಾತಿಲ್ಲ. "ಮೂಗನಾ ನೀನು?" ಅದಕ್ಕೂ ಮಾತಿಲ್ಲ. ಗಿರಾಕಿ ಎದ್ದೇ ಹೋದ. ಸಾವ್ಕಾರ ಬೈದ ಬೈಗುಳಕ್ಕೆ ಗೋಡೆ ಸುಣ್ಣ ಉದುರಿತು.

ಮನೆಗೆ ಬಂದರೆ ಅವ್ವ ಹಣೆ ಚಚ್ಚಿಕೊಂಡಳು. "ಪೆದ್ದು ಮುಂಡೇದೇ! ಏನೈತೆ ಅಂತ ಕೇಳಿದ್ರೆ, ಇರೋದನ್ನೆಲ್ಲ ನಗ್ತಾ ನಗ್ತಾ ಒಂದೂ ಬಿಡದೆ ಹೇಳ್ಬೇಕು!"

"ಆಗ್ಲಿ ಕಣವ್ವಾ!"

ಮಾರನೆಯ ದಿನ ಸಾವ್ಕಾರ ಅವನನ್ನು ಗಲ್ಲಾ ಹತ್ತಿರ ಕರೆದ. "ಏನಲೇ, ಹಿತ್ತಲಲ್ಲಿ ಗುಸುಗುಸು ಅಂತಾರಲ್ಲ, ಏನೈತೆ ಅಲ್ಲಿ?"

ತಿಪ್ಪೇಶಿ ಹಲ್ಲು ಕಿರಿದು ಒಂದೇ ಉಸಿರಿಗೆ ಶುರುಮಾಡಿದ: "ಬಿಸಿಬಿಸಿ ಸಂಘ ಐತೆ ದಣೀ, ಸ್ಟೂಲ್ ಐತೆ, ವಾರದ ರಜೆ ಐತೆ, ಅರ್ಜಿ ಈಗಷ್ಟೇ ರೆಡಿಯಾಗೈತೆ! ಏನ್ ಕೊಡ್ಲಿ?"

ಸಾವ್ಕಾರನ ಮುಖ ಕಾದ ಕಾವಲಿಯಾಯಿತು. ಅವತ್ತಿನಿಂದ ಒಬ್ಬೊಬ್ಬರ ಮೇಲೂ ಕಣ್ಣು.

"ಮನೆಹಾಳ!" ಅಂದಳು ಗೌರಕ್ಕ. "ಸಂಘ ಅಂದ್ರೆ ಒಗ್ಗಟ್ಟು ಕಣೋ! ಒಬ್ಬರದು ಅಂದ್ರೆ ಎಲ್ಲರದೂ! ತಿಳೀತಾ?"

"ತಿಳೀತು ಕಣಕ್ಕಾ!"

ಏನು ತಿಳಿಯಿತೋ! ಮಧ್ಯಾಹ್ನ ಲಾರಿ ಡ್ರೈವರೊಬ್ಬ ಮಸಾಲೆ ದೋಸೆ ಹೇಳಿದ. ತಿಪ್ಪೇಶಿ ತಂದ ದೋಸೆಯನ್ನು ಅವನ ಕಣ್ಣೆದುರೇ ಹರಿದು, ಟೇಬಲ್ಲಿಗೊಂದು ಚೂರು ಹಂಚಿ ಬಂದ. ಡ್ರೈವರಿಗೆ ಉಳಿದದ್ದು ಬರೀ ಚಟ್ನಿ.

"ನನ್ ದೋಸೆ ಎಲ್ಲೋ?"

"ಒಬ್ಬರದು ಅಂದ್ರೆ ಎಲ್ಲರದೂ ಅಣ್ಣಾ! ಒಗ್ಗಟ್ಟು!"

ಡ್ರೈವರು ತೋಳೇರಿಸಿಕೊಂಡು ಎದ್ದ, ತಿಪ್ಪೇಶಿ ಮನೆಗೆ ಓಡಿದ. ಅವ್ವ ಅಂದಳು: "ಯಾರು ಕೇಳ್ತಾರೋ ಅವರ ಕೈಗೇ ಕೊಡ್ಬೇಕು ಕಣೋ, ಬೇರೆಯೋರಿಗಲ್ಲ!"

"ಆಗ್ಲಿ ಕಣವ್ವಾ!"

ಈಗ ಅರ್ಜಿ ಲೇಬರ್ ಆಫೀಸಿಗೆ ಮುಟ್ಟಬೇಕು. ಯಾರು ಹೊರಗೆ ಹೊರಟರೂ ಸಾವ್ಕಾರ ಜೇಬು ತಡಕುತ್ತಿದ್ದ. ಕರಿಬೇವು ತರಲು ಹೋಗುವ ತಿಪ್ಪೇಶಿಯನ್ನು ಮಾತ್ರ ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೇರೆ ದಾರಿ ಕಾಣದೆ ಗೌರಕ್ಕ ಅವನ ಕೈಗೇ ಕಾಗದ ಕೊಟ್ಟಳು. ತಿಪ್ಪೇಶಿಗೆ ಹೆಮ್ಮೆಯೋ ಹೆಮ್ಮೆ. ಇಷ್ಟು ದೊಡ್ಡ ಕೆಲಸ ಅವನಿಗೆ ಯಾರೂ ಒಪ್ಪಿಸಿರಲಿಲ್ಲ. ಕಾಗದವನ್ನು ಬಾವುಟದ ಹಾಗೆ ಎತ್ತಿ ಹಿಡಿದು ಹೊರಟ.

"ಏನಲೇ ಅದು? ಕೊಡಿಲ್ಲಿ!" ಅಂದ ಸಾವ್ಕಾರ.

ಕೇಳಿದವರ ಕೈಗೇ ಕೊಡಬೇಕಲ್ಲ, ಕೊಟ್ಟ!

ಸಾವ್ಕಾರ ಓದಿದ, ಕಾಗದವನ್ನು ತಿಪ್ಪೇಶಿಯ ಮುಖಕ್ಕೆಸೆದ. ಗೌರಕ್ಕನನ್ನೂ ಮಿಕ್ಕ ಐವರನ್ನೂ ಅಂಗಳಕ್ಕೆ ಅಟ್ಟಿಕೊಂಡು ಹೋಗುತ್ತಾ ಕೂಗಿದ: "ತಿಪ್ಪೇಶೀ! ಬಾಗಿಲು ಕಾಯಿ! ಈ ಕಾಗದಕ್ಕೆ ಕೈ ಹಾಕಿದೋರು ಯಾರೇ ಆಗ್ಲಿ, ಒಳಗೆ ಬಿಡಬೇಡ!"

ಅಷ್ಟರಲ್ಲಿ ಎರಡು ಬಸ್ಸು ಬಂದು ನಿಂತವು. ಜನ ಒಳಗೆ ಕೂತು ಟೇಬಲ್ ಗುದ್ದತೊಡಗಿದರು. ಒಳಗೆ ಅನ್ನ ಬೆಂದಿದೆ, ಬಡಿಸುವ ಕೈಗಳೆಲ್ಲ ಹೊರಗಿವೆ. ಸಾವ್ಕಾರ ತಾನೇ ಬಡಿಸಲು ಓಡಿಬಂದ. ಬಾಗಿಲಿಗೆ ಅಡ್ಡ ತಿಪ್ಪೇಶಿ!

"ಸರಿಯಲೇ, ನಾನು!"

"ನೀವೇ ದಣೀ! ಕಾಗದಕ್ಕೆ ಕೈ ಹಾಕಿದ್ರಲ್ಲ! ನಾನೂ ಹಾಕೀನಿ, ಅದಕ್ಕೇ ಹೊಸ್ತಿಲಾಚೆ ನಿಂತೀನಿ!"

ತಳ್ಳಿದ, ಅಲುಗಲಿಲ್ಲ. ಬೈದ, ಕದಲಲಿಲ್ಲ. ಗೌರಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಸಾವ್ಕಾರ್ರ ಮಾತು ಮೀರಬೇಡ ಕಣೋ ತಿಪ್ಪೇಶಿ!" ಅಂದಳು.

ಒಳಗೆ ಜನ ಎದ್ದು ಹೊರಡುವ ಸದ್ದು. ಸಾವ್ಕಾರನ ಜೀವ ಬಾಯಿಗೆ ಬಂತು. "ಆಯ್ತು ಮಾರಾಯ್ತಿ! ಸ್ಟೂಲು ಕೊಡ್ತೀನಿ, ರಜೆ ಕೊಡ್ತೀನಿ, ಸಂಘಾನೂ ಮಾಡ್ಕೊಳ್ಳಿ! ಒಳಗೆ ಬಿಡಿಸು!"

"ಬರೆದು ಕೊಡಿ."

ತಿಪ್ಪೇಶಿಯ ಕಾಲಬುಡದಲ್ಲಿ ಬಿದ್ದಿದ್ದ ಅದೇ ಕಾಗದ ಎತ್ತಿಕೊಂಡು ಅದರ ಬೆನ್ನಿಗೆ ಬರೆದ, ರುಜು ಹಾಕಿದ, ಬಾಗಿಲಿಗೆ ಓಡಿದ.

ತಿಪ್ಪೇಶಿ ಕೈಯಗಲಿಸಿ ನಿಂತ. "ಇನ್ನೊಂದ್ ಸಲ ಕೈ ಹಾಕಿದ್ರಲ್ಲ ದಣೀ! ಈಗಂತೂ ಬಿಡೋದೇ ಇಲ್ಲ!"

ಕಡೆಗೆ ಸಾವ್ಕಾರ ಪಂಚೆ ಎತ್ತಿ ಕಟ್ಟಿ, ಪಾತ್ರೆ ತೊಳೆಯುವ ಕಡೆಯ ಕಿಟಕಿ ಹತ್ತಿದ. ಅವನ ಹಿಂದೆ ಗೌರಕ್ಕ, ಅವಳ ಹಿಂದೆ ಮಿಕ್ಕವರು. ಅವತ್ತು ಆ ಹೋಟ್ಲಲ್ಲಿ ಬಡಿಸಿದವರೆಲ್ಲ ಒಳಗೆ ಹೋದದ್ದು ಕಿಟಕಿಯಿಂದಲೇ.

ತಿಪ್ಪೇಶಿ ಮಾತ್ರ ಬಾಗಿಲು ಬಿಡಲಿಲ್ಲ. ಅಲ್ಲಿಂದಲೇ ಕೂಗಿದ: "ಹೋಗಿ ದಣೀ, ಹೋಗಿ! ಕಿಟಕಿ ಕಾಯಿ ಅಂತ ನೀವು ಹೇಳೇ ಇಲ್ಲ!"