ಚಂದ್ರ ಇನ್ನೂ ಬೀಳುತ್ತಿದ್ದಾನೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳ ಮೈ ಒಣಗಿರಲಿಲ್ಲ, ಹೊಳೆಗಳಿಗೆ ಹೆಸರಿಟ್ಟಿರಲಿಲ್ಲ. ಆಗ ಯಾವುದೂ ಬೀಳುತ್ತಿರಲಿಲ್ಲ.

ಮಾವಿನ ಹಣ್ಣು ತೊಟ್ಟು ಕಳಚಿದರೆ ಅಲ್ಲೇ ಕೊಂಬೆಯ ಪಕ್ಕ ತೇಲುತ್ತ ಇರುತ್ತಿತ್ತು. ಕೈತಪ್ಪಿದ ಗಡಿಗೆ ಒಡೆಯುತ್ತಿರಲಿಲ್ಲ; ತನ್ನ ಪಾಡಿಗೆ ತಾನು ಪಕ್ಕದ ಮನೆಗೆ ಹೋಗಿಬಿಡುತ್ತಿತ್ತು. ಕಡಲು ಕೂಡ ಒಂದು ದೊಡ್ಡ ನೀರಿನ ಉಂಡೆಯಾಗಿ ನೆಲದಿಂದ ಆಳೆತ್ತರದಲ್ಲಿ ತೂಗಾಡುತ್ತಿತ್ತು.

ತೇಲಿಹೋಗದೆ ಇರಲು ಮನುಷ್ಯರಿಗೆ ಹಗ್ಗವೇ ಗತಿ. ಮಗು ಹುಟ್ಟಿದರೆ ಮೊದಲು ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು, ಹೆಸರಿಡುವುದು ಆಮೇಲೆ.

ಒಂದು ಊರಿತ್ತು. ಆ ಊರಿಗೆಲ್ಲ ಹಗ್ಗ ಹೊಸೆದು ಕೊಡುತ್ತಿದ್ದವಳು ದ್ಯಾವಕ್ಕ. ಹೊಸ ಹಗ್ಗದ ತುದಿಗೆ ಕಲ್ಲು ಕಟ್ಟಿ, ತಲೆಯ ಸುತ್ತ ಗಿರಗಿರ ಬೀಸಿ ನೋಡುತ್ತಿದ್ದಳು. ಹರಿಯದಿದ್ದರೆ ಮಾತ್ರ ಕೊಡುತ್ತಿದ್ದಳು. ಅವಳ ಹಗ್ಗ ಒಂದೂ ಹರಿದಿರಲಿಲ್ಲ. ಅವಳಿಗಿದ್ದವಳು ಒಬ್ಬಳೇ ಮಗಳು, ಚೌಡಿ.

ಒಂದು ಬೆಳಿಗ್ಗೆ ದ್ಯಾವಕ್ಕ ಅಂಗಳದಲ್ಲಿ ನಾರು ಹೊಸೆಯುತ್ತ ಕೂತಿದ್ದಳು. ಚೌಡಿ ಬೆನ್ನ ಹಿಂದೆ ಆಡುತ್ತಿದ್ದಳು.

“ಅವ್ವಾ” ಅಂದದ್ದು ಕೇಳಿಸಿತು.

ಬೆನ್ನ ಹಿಂದಿನಿಂದ ಅಲ್ಲ. ತಲೆಯ ಮೇಲಿನಿಂದ.

ದ್ಯಾವಕ್ಕ ಕತ್ತೆತ್ತಿದಳು. ಮಗಳು ಮಾವಿನ ಮರದ ತುದಿ ದಾಟಿದ್ದಳು. ಅವಳ ಹಗ್ಗದ ಒಂದು ತುದಿ ಅಂಗಳದ ಗೂಟದಲ್ಲೇ ಇತ್ತು. ಇನ್ನೊಂದು ತುದಿ ಬರಿದಾಗಿ ಆಡುತ್ತಿತ್ತು. ದ್ಯಾವಕ್ಕನ ಕೈಯಲ್ಲಿದ್ದ ನಾರು ಕೈಯಲ್ಲೇ ಇತ್ತು.

ಆಮೇಲೆ ಗಾಳಿಯನ್ನು ಕರೆದಳು. “ಗಾಳಿಯಣ್ಣ, ನನ್ನ ಮಗಳನ್ನ ಇತ್ತ ತಳ್ಳಪ್ಪ.”

“ಬೆಟ್ಟದ ತಲೆವರೆಗೆ ನನ್ನ ಓಡಾಟ ತಾಯಿ” ಅಂದಿತು ಗಾಳಿ. “ಅವಳು ಆಗಲೇ ಅದನ್ನ ದಾಟಿಬಿಟ್ಟಳು.”

ಆ ಹೊತ್ತಿಗೆ ಚಂದ್ರ ಅತ್ತ ಕಡೆಯಿಂದ ಬರುತ್ತಿದ್ದ. ಆಗ ಚಂದ್ರ ಮನೆಮಠ ಇಲ್ಲದ ಅಲೆಮಾರಿ. ಬೇಕಾದಾಗ ಬರುತ್ತಿದ್ದ, ಬೇಡವಾದಾಗ ಹೋಗುತ್ತಿದ್ದ. ಅವಸರ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

“ಚಂದ್ರಪ್ಪ, ನನ್ನ ಕೂಸು” ಅಂದಳು ದ್ಯಾವಕ್ಕ.

ಚಂದ್ರ ಸ್ವಲ್ಪ ಓರೆಯಾಗಿ ನಿಂತ. ಚೌಡಿ ತೇಲಿಕೊಂಡು ಹೋಗಿ ಅವನ ಕೆನ್ನೆಗೆ ಅಂಟಿದಳು.

“ಸಿಕ್ಕಳು ಅಕ್ಕ” ಅಂದ ಚಂದ್ರ. “ಕೆಳಗೆ ತಂದು ಬಿಡ್ತೀನಿ. ಆದರೆ ಕೆಳಗೆ ಅಂದರೆ ಯಾವ ಕಡೆ?”

ಅದು ದ್ಯಾವಕ್ಕನಿಗೂ ಗೊತ್ತಿರಲಿಲ್ಲ. ಏನೂ ಬೀಳದ ಲೋಕದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಎಂದು ಯಾರೂ ಕೇಳಿಕೊಂಡಿರಲಿಲ್ಲ. ಚಂದ್ರ ಅತ್ತ ಸರಿದ, ಇತ್ತ ಸರಿದ. ದಾರಿ ಸಿಗದೆ ಇನ್ನಷ್ಟು ದೂರ ಹೋದ. ಚೌಡಿ ಒಂದು ಸಾಸಿವೆಯಷ್ಟಾದಳು.

ದ್ಯಾವಕ್ಕ ನೆಲಕ್ಕೆ ಮುಖವಿಟ್ಟು ಮಲಗಿದಳು. ಭೂಮಿಗೆ ಬಾಯಿ ಹಚ್ಚಿ ಕೇಳಿದಳು, “ಭೂಮವ್ವ, ನಿನಗೆ ಹಿಡಿಯೋಕೆ ಬರುತ್ತಾ?”

“ಬರುತ್ತೆ” ಅಂದಳು ಭೂಮಿ. “ಯಾರೂ ಕೇಳಿರಲಿಲ್ಲ. ಆದರೆ ಮಗಳೇ, ನಿನ್ನ ಕೂಸೊಂದನ್ನೇ ಹಿಡಿಯೋಕೆ ನನಗೆ ಬರಲ್ಲ. ಹಿಡಿದರೆ ಎಲ್ಲವನ್ನೂ ಹಿಡೀತೀನಿ. ಹತ್ತಿರ ಇರೋದನ್ನ ಬಿಗಿಯಾಗಿ, ದೂರ ಇರೋದನ್ನ ಮೆಲ್ಲಗೆ. ಮತ್ತೆ ಒಂದು ಸಲ ಹಿಡಿದರೆ ಬಿಡೋದು ನನಗೆ ಗೊತ್ತಿಲ್ಲ.”

ದ್ಯಾವಕ್ಕ ಊರನ್ನು ಕೇಳಲಿಲ್ಲ. ನೆರೆಯವರನ್ನು ಕೇಳಲಿಲ್ಲ.

“ಹಿಡಿ” ಅಂದಳು.

ಭೂಮಿ ಹಿಡಿದಳು.

ಮಾವಿನ ಹಣ್ಣುಗಳೆಲ್ಲ ಒಟ್ಟಿಗೆ ನೆಲಕ್ಕೆ ಬಂದವು. ಊರಿನ ಗಡಿಗೆಗಳೆಲ್ಲ ಒಂದೇ ಉಸಿರಿನಲ್ಲಿ ಒಡೆದವು. ತೇಲುತ್ತ ನಿದ್ದೆ ಮಾಡುತ್ತಿದ್ದ ಮುದುಕರು ದೊಪ್ಪನೆ ಬಿದ್ದು ಸೊಂಟ ಹಿಡಿದುಕೊಂಡರು. ಕಡಲಿನ ಉಂಡೆ ಒಡೆದು, ಅರಚುತ್ತ ಹೋಗಿ ತಗ್ಗಿನಲ್ಲಿ ತುಂಬಿಕೊಂಡಿತು. ಹಕ್ಕಿಗಳು ಮೊದಲ ಸಲ ಜೀವ ಉಳಿಸಿಕೊಳ್ಳಲು ರೆಕ್ಕೆ ಬಡಿದವು. ಅಲ್ಲಿಯವರೆಗೆ ಬೀಳುವುದು ಅಂದರೇನು ಎಂದು ತಿಳಿಯದಿದ್ದ ಮಕ್ಕಳು ಮಂಡಿ ತರಚಿಕೊಂಡು, ರಕ್ತ ನೋಡಿ, ಅಳುವುದನ್ನೂ ಮರೆತು ಕೂತರು.

ದ್ಯಾವಕ್ಕ ಎದ್ದು ನಿಲ್ಲಲು ಹೋದಳು. ತನ್ನ ಕೈಗಳೇ ಯಾರದೋ ಕೈಗಳ ಹಾಗೆ ಭಾರವಾಗಿದ್ದವು. ಅದನ್ನೂ ಸಹಿಸಿ ಅವಳು ಮೇಲೆ ನೋಡಿದಳು, ಮಗಳು ಬರುತ್ತಾಳೆಂದು.

ಮಗಳು ಬರುತ್ತಿದ್ದಳು. ಅವಳ ಜೊತೆಗೆ ಚಂದ್ರನೂ ಬರುತ್ತಿದ್ದ.

ತಟ್ಟೆಯಷ್ಟಿದ್ದವನು ಮೊರದಷ್ಟಾದ. ಮೊರದಷ್ಟಿದ್ದವನು ಬೆಟ್ಟದಷ್ಟಾದ. ಊರಿನ ಮೇಲೆ ಅವನ ನೆರಳು ಹರಡಿತು. ಎಲ್ಲವನ್ನೂ ಹಿಡಿಯುತ್ತೇನೆ ಎಂದು ಭೂಮಿ ಹೇಳಿದ್ದು ದ್ಯಾವಕ್ಕನಿಗೆ ಆಗ ಅರ್ಥವಾಯಿತು.

“ಬಿಡು ಭೂಮವ್ವ, ಅವನನ್ನ ಬಿಡು.”

“ಬಿಡೋದು ನನಗೆ ಗೊತ್ತಿಲ್ಲ ಅಂದೆನಲ್ಲ. ಅವನೂ ನನ್ನನ್ನ ಎಳೀತಿದ್ದಾನೆ, ನೋಡು. ಕಡಲು ಅವನ ಕಡೆಗೇ ಏಳ್ತಾ ಇದೆ.”

ಜನ ಓಡಲು ನೋಡಿದರು. ಭಾರವಾದ ಕಾಲಲ್ಲಿ ಓಡುವುದು ಅವರಿಗಿನ್ನೂ ಬರುತ್ತಿರಲಿಲ್ಲ. ಬಿದ್ದರು, ಎದ್ದರು, ಮತ್ತೆ ಬಿದ್ದರು.

ದ್ಯಾವಕ್ಕ ಓಡಲಿಲ್ಲ. ಹಗ್ಗದ ತುದಿಯ ಕಲ್ಲು ಅವಳ ಕಾಲ ಬಳಿ ಬಿದ್ದಿತ್ತು. ಎಷ್ಟು ವರ್ಷ ಅದನ್ನು ಬೀಸಿದ್ದಳು. ಹಗ್ಗ ಅದನ್ನು ಕೈಯ ಕಡೆಗೇ ಎಳೆಯುತ್ತದೆ. ಆದರೂ ಬೀಸುತ್ತಿರುವವರೆಗೆ ಕಲ್ಲು ಕೈಗೆ ಬಂದು ಬಡಿಯುವುದಿಲ್ಲ. ಅವಳು ಎರಡೂ ಕೈಯಲ್ಲಿ ಹಗ್ಗ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಕಲ್ಲನ್ನು ತಲೆಯ ಸುತ್ತ ತಿರುಗಿಸಿದಳು.

“ಚಂದ್ರಪ್ಪ, ಇದನ್ನ ನೋಡು. ಹಿಂದಕ್ಕೆ ಜಗ್ಗಬೇಡ, ಜಗ್ಗಿ ಗೆಲ್ಲೋಕಾಗಲ್ಲ. ಅಡ್ಡ ಓಡು. ನೀನು ಬೀಳೋಷ್ಟರಲ್ಲಿ ನೆಲ ದಾಟಿ ಹೋಗಿರಬೇಕು, ಹಾಗೆ ಓಡು.”

ಯಾವತ್ತೂ ಓಡದ ಚಂದ್ರ ಓಡಿದ.

ಬೆಟ್ಟದ ನೆತ್ತಿಯನ್ನು ಸವರಿಕೊಂಡು ಹೋದ. ಮರಗಳು ಬೇರುಸಹಿತ ಬಾಗಿದವು. ಕಡಲು ಅವನ ಕಡೆಗೆ ಉಬ್ಬಿ ಉಬ್ಬಿ ಬಂತು. ಅವನ ಕೆನ್ನೆಯಿಂದ ಚೌಡಿಯನ್ನು ಮೆತ್ತಗೆ ಕಿತ್ತುಕೊಂಡು, ಇಳಿದು, ಮರಳಿನ ಮೇಲೆ ಇಟ್ಟಿತು. ಚಂದ್ರ ಬೀಳುತ್ತಲೇ ಇದ್ದ. ಆದರೆ ಅವನು ಬೀಳಬೇಕಾದ ಜಾಗದಲ್ಲಿ ನೆಲ ಬಾಗಿ ಹೋಗಿತ್ತು, ಯಾಕೆಂದರೆ ಭೂಮಿ ದುಂಡಗಿದ್ದಳು. ಅವನು ಆಚೆ ಅಂಚಿನಲ್ಲಿ ಮರೆಯಾದ.

ದ್ಯಾವಕ್ಕ ಮರಳಿನಲ್ಲಿ ತೆವಳಿಕೊಂಡು ಹೋಗಿ ಮಗಳನ್ನು ಎತ್ತಿಕೊಂಡಳು. ಚೌಡಿ ಎಷ್ಟು ಭಾರ ಎಂದು ಅವಳಿಗೆ ಅವತ್ತೇ ತಿಳಿದದ್ದು.

“ನನ್ನ ಗಂಟು ಬಿಚ್ಚಿಹೋಯ್ತಲ್ಲ ಮಗಳೇ. ನಾನು ಸರಿಯಾಗಿ ಕಟ್ಟಿರಲಿಲ್ಲ” ಅಂದಳು.

ಚೌಡಿ ಅವ್ವನ ಕತ್ತಿನಲ್ಲಿ ಮುಖ ಹುದುಗಿಸಿದಳು. “ಬಿಚ್ಚಿಹೋಗಲಿಲ್ಲ ಅವ್ವ. ನಾನೇ ಬಿಚ್ಚಿದೆ. ಚಂದ್ರನ ಹತ್ತಿರ ಹೋಗಬೇಕಿತ್ತು ನನಗೆ.”

ದ್ಯಾವಕ್ಕನ ಕೈ ಮೇಲೆದ್ದಿತು. ಹಾಗೇ ನಿಂತಿತು. ಆಮೇಲೆ ಮಗಳ ಒದ್ದೆ ತಲೆಯ ಮೇಲೆ ಇಳಿಯಿತು.

ಅಷ್ಟರಲ್ಲಿ ಭೂಮಿಯನ್ನು ಸುತ್ತಿ ಪಡುವಣದ ಅಂಚಿನಿಂದ ಚಂದ್ರ ಮತ್ತೆ ಬಂದ. ಈ ಸಲ ತುಸು ದೂರದಲ್ಲಿ, ಏದುಸಿರು ಬಿಡುತ್ತ, ಮುಖ ಇತ್ತ ತಿರುಗಿಸಿಕೊಂಡೇ ಓಡುತ್ತಿದ್ದ.

“ಅಕ್ಕ, ಇನ್ನೆಷ್ಟು ಹೊತ್ತು ಓಡಬೇಕು?”

ದ್ಯಾವಕ್ಕ ಅವನನ್ನೇ ನೋಡಿದಳು. ಭೂಮಿ ಬಿಡುವವಳಲ್ಲ. ಅದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಾಗುತ್ತಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ದಾಟಿ ಹೋದ. ಇನ್ನೊಂದು ಸುತ್ತು ಬಂದಾಗ, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅವಳು ಕೂಗಿ ಹೇಳಿದಳು:

“ನಿಲ್ಲಬೇಡಪ್ಪ. ನನ್ನ ಕೂಸಿಗಾಗಿ ನಿನಗೆ ಹೀಗಾಯ್ತು. ನಾವಿರೋವರೆಗೂ ನಿನ್ನ ದಾರಿ ನೋಡ್ತೀವಿ. ನಿಲ್ಲಬೇಡ.”

“ಕೂಸು ಕ್ಷೇಮ ತಾನೆ?” ಎಂದು ಕೇಳಿದ ಚಂದ್ರ. ಹೂಂ ಅಂದಳು. ಅವನು ಓಡಿದ.

ಬಾವಿಯ ನೀರು ತಳಕ್ಕೆ ಇಳಿದಿದ್ದರಿಂದ ಊರಿಗೆ ಮತ್ತೆ ಹಗ್ಗ ಬೇಕಾಯಿತು. ಒಡೆದ ಗಡಿಗೆಗಳಿಗಾಗಿ ಬೈದವರು ದಿನ ಕಳೆದಂತೆ ಸುಮ್ಮನಾದರು. ಆದರೆ ಚಂದ್ರ ಬರುವ ಹೊತ್ತಿಗೆ ದ್ಯಾವಕ್ಕ ಹೊಸೆಯುವುದನ್ನು ಬಿಟ್ಟು ಅಂಗಳಕ್ಕೆ ಬರುತ್ತಿದ್ದಳು. ಅವಳಾದ ಮೇಲೆ ಚೌಡಿ ಬರುತ್ತಿದ್ದಳು.

ಅದಕ್ಕೇ ಮಗೂ, ಇವತ್ತಿಗೂ ಚಂದ್ರ ಒಂದೇ ಮುಖವನ್ನು ನಮ್ಮ ಕಡೆಗಿಟ್ಟುಕೊಂಡು ಓಡುತ್ತಾನೆ, ಕಡಲು ಅವನ ಕಡೆಗೆ ಉಬ್ಬುತ್ತದೆ; ಇವತ್ತು ಸಂಜೆ ಅವನು ಎಲ್ಲಿದ್ದಾನೆಂದು ಗುರುತಿಟ್ಟುಕೊಂಡು ನಾಳೆ ಅದೇ ಹೊತ್ತಿಗೆ ಬಂದು ನೋಡಿದರೆ, ಅವನು ಅಲ್ಲಿಂದ ಮೂಡಣಕ್ಕೆ ಸರಿದಿರುತ್ತಾನೆ, ಬೀಳುತ್ತ, ನೆಲ ತಾಕದೆ.