ಅಳತೆಗೆ ಕೂತವನ ಬೆನ್ನು

“ಕೇಳಿ ತಿಳಿದುಕೊಂಡೇ ಕೊಟ್ಟದ್ದು ಜನಕ್ಕೆ ಯಾಕೆ ಒಗ್ಗುವುದಿಲ್ಲ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಮಠಕ್ಕೆ ಹೊಸದಾಗಿ ಬಂದವರಿಗೆ ಕೆಲಸ ಹಂಚುವ ಹೊಣೆ ಅವನದು. ಬಂದವರನ್ನು ಎದುರಿಗೆ ಕೂರಿಸಿಕೊಂಡು, ನಿನಗೇನು ಬರುತ್ತದೆ, ಏನು ಇಷ್ಟ, ಎಷ್ಟು ತಾಳುತ್ತೀಯ ಎಂದು ಎಲ್ಲವನ್ನೂ ವಿಚಾರಿಸುತ್ತಿದ್ದ. ಹಸು ಎಂದರೆ ಪ್ರಾಣ ಎಂದವನಿಗೆ ಕೊಟ್ಟಿಗೆ ಕೊಟ್ಟ. ಓದು ಎಂದರೆ ಜೀವ ಎಂದವನಿಗೆ ಗ್ರಂಥಗಳ ಕೋಣೆ ಕೊಟ್ಟ. ಹುಣ್ಣಿಮೆಗೆ ಬಂದವರು ಅಮಾವಾಸ್ಯೆಯ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಕುರ್ಚಿ ವ್ಯಾಪಾರಿಯಿದ್ದ. ಮಿಕ್ಕವರು ಮಾಡಿಟ್ಟ ಕುರ್ಚಿ ಮಾರುತ್ತಿದ್ದರೆ, ಇವನು ಮೈ ನೋಡಿ ಕುರ್ಚಿ ಮಾಡಿಸಿ ಮಾರುತ್ತಿದ್ದ. ‘ನಿಮ್ಮ ಮೈಗೆ ನಿಮ್ಮದೇ ಕುರ್ಚಿ’ ಎಂದು ಅಂಗಡಿಯ ಮೇಲೆ ಹಲಗೆ ಹಾಕಿಸಿದ್ದ. ಗಿರಾಕಿ ಬಂದರೆ ಸ್ಟೂಲಿನ ಮೇಲೆ ಕೂರಿಸಿ, ಟೇಪು ಹಿಡಿದು ಮಂಡಿಯಿಂದ ಪಾದಕ್ಕೆ, ಸೊಂಟದಿಂದ ಭುಜಕ್ಕೆ ತಾನೇ ಅಳೆಯುತ್ತಿದ್ದ. ಬೆತ್ತ ಬೇಕೋ ದಿಂಬು ಬೇಕೋ, ಬೆನ್ನಿಗೆ ಎಷ್ಟು ಓರೆ ಬೇಕು, ಕೈಯಿಡುವ ಮರ ಎಷ್ಟು ಅಗಲ ಬೇಕು, ಎಲ್ಲ ಕೇಳುತ್ತಿದ್ದ. ಅವನ ಕೈಕೆಳಗೆ ಒಬ್ಬ ಒಳ್ಳೆಯ ಆಚಾರಿಯಿದ್ದ. ಟೇಪು ಹೇಳಿದ್ದನ್ನು ಆಚಾರಿಯ ಉಳಿ ಕೂದಲೆಳೆಯಷ್ಟೂ ಮೀರುತ್ತಿರಲಿಲ್ಲ.

ಗಿರಾಕಿಗಳು ಕೂತು ನೋಡಿ, ಭೇಷ್ ಎಂದು ಕುರ್ಚಿ ಒಯ್ಯುತ್ತಿದ್ದರು. ಆದರೆ ಎರಡನೆಯ ಕುರ್ಚಿಗೆ ಯಾರೂ ಬರುತ್ತಿರಲಿಲ್ಲ. ಹೊಗಳುವವರಿಂದ ಅಂಗಡಿ ನಡೆಯುವುದಿಲ್ಲ, ಮತ್ತೆ ಬರುವವರಿಂದ ನಡೆಯುತ್ತದೆ. ಇದು ವ್ಯಾಪಾರಿಗೆ ಗೊತ್ತಿತ್ತು. ತಪ್ಪು ಎಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಮರ ನೋಡಿದ, ಬೆತ್ತ ನೋಡಿದ, ಅಂಟು ನೋಡಿದ. ಎಲ್ಲವೂ ಸರಿಯಾಗಿದ್ದವು.

ಅಷ್ಟರಲ್ಲಿ ಆ ಪೇಟೆಯ ವರ್ತಕರ ಸಂಘ ಹೊಸ ಸಭಾಂಗಣ ಕಟ್ಟಿಸಿತು. ಸಂಘಕ್ಕೆ ಹಳೆಯದೊಂದು ತಲೆನೋವಿತ್ತು. ಎಲ್ಲರಿಗೂ ಸೇರಿದ ಒಂದು ಉಗ್ರಾಣ ಆಗಬೇಕಿತ್ತು. ಎಲ್ಲಿ ಕಟ್ಟಬೇಕು ಎಂಬ ಮಾತು ಮುಗಿಯುತ್ತಲೇ ಇರಲಿಲ್ಲ. ಮಾತು ಬಿಗಿಯಾಗುವ ಹೊತ್ತಿಗೆ ಒಬ್ಬನಿಗೆ ಸೊಂಟ ಹಿಡಿಯುತ್ತಿತ್ತು, ಇನ್ನೊಬ್ಬನಿಗೆ ಕಾಲು ಜೋಮು ಹಿಡಿಯುತ್ತಿತ್ತು. ಒಬ್ಬ ಎದ್ದರೆ ಸಭೆಯೇ ಎದ್ದಂತೆ. ಪ್ರತಿ ಮಳೆಗಾಲದಲ್ಲೂ ಪೇಟೆಯ ಮಾಲು ನೆನೆಯುತ್ತಿತ್ತು.

ಸಂಘದ ಯಜಮಾನ ವ್ಯಾಪಾರಿಯನ್ನು ಕರೆಸಿದ.

“ನೋಡಿ ಶೆಟ್ರೇ, ನಮ್ಮವರಿಗೆ ಬುದ್ಧಿ ಇಲ್ಲ ಅಂತಲ್ಲ. ಬುದ್ಧಿ ಕೆಲಸ ಮಾಡೋ ಹೊತ್ತಿಗೆ ಸರಿಯಾಗಿ ಸೊಂಟ ಕೈಕೊಡುತ್ತೆ. ಒಬ್ಬೊಬ್ಬರಿಗೂ ಅವರವರ ಮೈಗೆ ಒಗ್ಗೋ ಕುರ್ಚಿ ಆಗಬೇಕು. ಆದರೆ ಒಬ್ಬರದು ಇನ್ನೊಬ್ಬರದಕ್ಕಿಂತ ದೊಡ್ಡದಾಗಿ ಕಾಣಬಾರದು. ಕಂಡರೆ ಅದೇ ಇನ್ನೊಂದು ಜಗಳ.”

“ಆಯಿತು ಯಜಮಾನ್ರೇ.”

“ಪೂರ್ತಿ ಕೇಳಿ. ಉಗ್ರಾಣದ ಮಾತು ಮುಗಿಯೋ ಮೊದಲು ಒಬ್ಬ ಎದ್ದರೂ ಅಷ್ಟೂ ಕುರ್ಚಿ ವಾಪಸ್. ಜೊತೆಗೆ ಅಂಗಡಿ ಮೇಲಿನ ಆ ಹಲಗೆಯನ್ನು ನೀವೇ ಕೈಯಾರೆ ಇಳಿಸಬೇಕು.”

ಪೇಟೆಯಲ್ಲಿ ಆಡಿದ ಮಾತು ತಕ್ಕಡಿಗೆ ಹಾಕಿದ ಮಾಲಿದ್ದಂತೆ. ವ್ಯಾಪಾರಿ ಒಪ್ಪಿದ.

ಹಿಂತಿರುಗುವಾಗ ಅವನಿಗೆ ಎಣ್ಣೆ ಸಾಹುಕಾರನ ಮನೆ ನೆನಪಾಯಿತು. ಸಾಹುಕಾರ ಸಂಘದವನೇ. ತಾನು ಮಾಡಿಸಿದ ಕುರ್ಚಿಗಳಲ್ಲೆಲ್ಲ ಅತ್ಯುತ್ತಮವಾದದ್ದು ಅವನ ಮನೆಯಲ್ಲಿತ್ತು. ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ ಎಂದು ವ್ಯಾಪಾರಿ ಹೇಳದೆ ಕೇಳದೆ ಅಲ್ಲಿಗೆ ಹೋದ.

ನಡುಮನೆಯಲ್ಲಿ ಕುರ್ಚಿ ಇತ್ತು. ಅದರ ಬೆನ್ನಿನ ಮೇಲೆ ಒದ್ದೆ ಪಂಚೆ. ಕೂರುವ ಕಡೆ ಒಂದು ಮೊರದ ತುಂಬ ಹಪ್ಪಳ. ಸಾಹುಕಾರ ಹಿತ್ತಲ ಜಗಲಿಯಲ್ಲಿ ತೌಡಿನ ಮೂಟೆಯ ಮೇಲೆ ಕೂತಿದ್ದ. ಒಂದು ಕಾಲು ಮಡಿಸಿ, ಒಂದು ಕಾಲು ಇಳಿಬಿಟ್ಟು, ಎಡಕ್ಕೆ ವಾಲಿ, ಹೆಂಡತಿಯೊಡನೆ ಏನೋ ಹೇಳಿಕೊಂಡು ನಗುತ್ತಿದ್ದ. ವ್ಯಾಪಾರಿಯನ್ನು ಕಂಡದ್ದೇ ತಡ, ಹೊಟ್ಟೆ ಒಳಕ್ಕೆ ಹೋಯಿತು. ಎರಡು ಪಾದವೂ ನೆಲಕ್ಕೆ ಬಂದವು. ಬೆನ್ನು ಕೋಲಿನಂತೆ ನೆಟ್ಟಗಾಯಿತು.

ವ್ಯಾಪಾರಿಗೆ ಆ ಬೆನ್ನಿನ ಗುರುತು ಸಿಕ್ಕಿತು. ಸ್ಟೂಲಿನ ಮೇಲೆ ಕೂರಿಸಿ ತಾನು ಅಳೆದದ್ದು ಇದೇ ಬೆನ್ನನ್ನು. ಇದು ಮನೆಗೆ ಯಾರಾದರೂ ಬಂದಾಗ ಮಾತ್ರ ಇರುವ ಬೆನ್ನು.

“ಕುರ್ಚಿ ಬಹಳ ಚೆನ್ನಾಗಿದೆ ಶೆಟ್ರೇ,” ಎಂದಳು ಸಾಹುಕಾರನ ಹೆಂಡತಿ. “ಬಟ್ಟೆ ಒಣಗಿಹಾಕೋಕೆ ಅಂಥಾದ್ದು ಇನ್ನೊಂದಿಲ್ಲ.”

ಸಾಹುಕಾರ ಅವಳನ್ನು ಗದರಿಸುತ್ತಾ ಎದ್ದು ಬಂದ. ಅವನು ಎದ್ದರೂ ಮೂಟೆಯ ಮೇಲೆ ಅವನು ಕೂತ ಅಚ್ಚು ಹಾಗೇ ಉಳಿದಿತ್ತು. ಎಡಕ್ಕೆ ಆಳ, ಬಲಕ್ಕೆ ತೆಳು, ಹಿಂದಕ್ಕೆ ಇಳಿಜಾರು. ವ್ಯಾಪಾರಿ ಅದನ್ನೇ ನೋಡುತ್ತಾ ನಿಂತ.

“ಈ ತೌಡು ಎಲ್ಲಿ ಸಿಗುತ್ತೆ ಸಾಹುಕಾರ್ರೇ?”

“ಯಾಕೆ, ಎಮ್ಮೆ ಕಟ್ಟಿದ್ರಾ?”

“ಕಟ್ಟೋಣ ಅಂತಿದ್ದೀನಿ,” ಎಂದ ವ್ಯಾಪಾರಿ.

ಅವನು ಟೇಪನ್ನು ಪೆಟ್ಟಿಗೆಗೆ ಹಾಕಿದ. ಅಂಗಡಿಯ ಹಿಂದಿನ ಜಗಲಿಯಲ್ಲಿ ಗೋಡೆಗುಂಟ ತೌಡಿನ ಮೂಟೆಗಳನ್ನು ಇಡಿಸಿದ. ಮರ ಆರಿಸೋಣ ಬನ್ನಿ ಎಂದು ಸಂಘದವರನ್ನು ನಾಲ್ಕಾರು ಜನರಂತೆ ಕರೆದ. ಕಾಫಿ ಕೊಟ್ಟ, ಕೋಡುಬಳೆ ಇಟ್ಟ, ಯಾರು ಯಾವ ಮೂಟೆಯ ಮೇಲೆ ಕೂತರೆಂದು ನೋಡಿಕೊಂಡ, ಈಗ ಬಂದೆ ಎಂದು ಹೇಳಿ ಎದ್ದು ಹೋದ. ಹೋದವನು ಬೇಗ ಬರಲಿಲ್ಲ. ಬಂದವರು ಮೊದಲು ಅವನನ್ನು ಬೈದರು. ಆಮೇಲೆ ಅವನನ್ನು ಮರೆತರು. ಮಗಳ ಮದುವೆ, ಮೆಣಸಿನ ದರ, ಪಕ್ಕದಂಗಡಿಯವನ ಪಿತ್ತ, ಹೀಗೆ ಮಾತು ಹರಿಯಿತು. ಬೆನ್ನುಗಳು ಸಡಿಲವಾದವು. ಅವರು ಎದ್ದು ಹೋದ ಮೇಲೆ ವ್ಯಾಪಾರಿಯೂ ಆಚಾರಿಯೂ ಬಂದು ಒಂದೊಂದು ಅಚ್ಚನ್ನೂ ಅಳೆದರು. ಮೂಟೆ ಅಲುಗಿಸಿ ಮಟ್ಟ ಮಾಡಿ ಮತ್ತೆ ಇಟ್ಟರು.

ಪೇಟೆ ಸುಮ್ಮನಿರುತ್ತದೆಯೇ? “ಏನ್ ಶೆಟ್ರೇ, ಟೇಪು ಅಡ ಇಟ್ರಾ?” ಎಂದು ಒಬ್ಬ ಕೇಳಿದ. “ಕುರ್ಚಿ ಮಾಡೋ ಅಂದರೆ ತೌಡು ಕುಟ್ಟುತ್ತಾ ಕೂತಿದಾನೆ,” ಎಂದು ಇನ್ನೊಬ್ಬ ನಕ್ಕ. ಯಜಮಾನ ಬಂದವನು, “ನನ್ನ ಅಳತೆ ಯಾವಾಗ ತಗೋತೀರಿ? ಹಲಗೆ ಇಳಿಸಿದ ಮೇಲಾ?” ಎಂದು ಕೇಳಿ, ಕಾಫಿ ಕುಡಿದು, ಅಚ್ಚು ಬಿಟ್ಟು ಹೋದ.

ಆಚಾರಿಗೆ ತಡೆಯಲಾಗಲಿಲ್ಲ. “ವಿಷಯ ಹೇಳಿಬಿಡಿ ಶೆಟ್ರೇ. ಬೀದಿಯಲ್ಲಿ ಮರ್ಯಾದೆ ಹೋಗ್ತಿದೆ.”

“ಹೇಳಿದರೆ ತೌಡಿನ ಮೇಲೂ ನೆಟ್ಟಗೆ ಕೂರ್ತಾರೆ ಕಣಯ್ಯಾ,” ಎಂದ ವ್ಯಾಪಾರಿ. “ಮರ್ಯಾದೆ ಹೋದರೆ ಹೋಗಲಿ. ಅಚ್ಚು ಕೆಡಬಾರದು.”

ಕುರ್ಚಿಗಳು ಸಿದ್ಧವಾದವು. ಹೊರಗಿನಿಂದ ಎಲ್ಲವೂ ಒಂದೇ. ಸಣ್ಣ ಕಾಲು, ನಯವಾದ ಅಂಚು, ಕೆತ್ತಿದ ಸಿಂಹವಿಲ್ಲ, ನವಿಲಿಲ್ಲ. ಬೆತ್ತದ ಪಟ್ಟಿಗಳ ಕೆಳಗೆ ಸಾಲಾಗಿ ತಿರುಪುಗಳಿದ್ದವು. ಒಂದನ್ನು ತಿರುಗಿಸಿದರೆ ಎಡಕ್ಕೆ ಬಿಗಿ, ಇನ್ನೊಂದನ್ನು ತಿರುಗಿಸಿದರೆ ಬಲಕ್ಕೆ ಸಡಿಲ. ಬೆನ್ನಿಗೂ ಒಂದು ತಿರುಪು. ಅಚ್ಚು ಹೇಗಿತ್ತೋ ಹಾಗೆ ಒಂದೊಂದನ್ನೂ ತಿರುಗಿಸಿ ನಿಲ್ಲಿಸಿದ್ದರು. ಕುರ್ಚಿ ಅದಲುಬದಲಾಗದಂತೆ ಬೆನ್ನಿನ ಮೇಲೆ ಅವರವರ ಹೆಸರು ಕೊರೆಸಿದ್ದರು. ಹೆಸರಿರುವ ಕಡೆಗೆ ಮನುಷ್ಯ ಯಾರೂ ಕರೆಯದೆ ಹೋಗಿ ಕೂರುತ್ತಾನೆ. ವ್ಯಾಪಾರಿಗೆ ಅಷ್ಟು ಗೊತ್ತಿತ್ತು.

ಸಭೆಯ ದಿನ ಬಂತು. ವರ್ತಕರು ಜರಿಪೇಟ ಇಟ್ಟುಕೊಂಡು ಬಂದು ತಂತಮ್ಮ ಹೆಸರಿನ ಕುರ್ಚಿಯ ಮೇಲೆ ಕೂತರು. ವ್ಯಾಪಾರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವರಿಗೂ ಅವನು ನೋಡುವುದು ಕಾಣುತ್ತಿತ್ತು. ಇಂದು ಪರೀಕ್ಷೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಎಲ್ಲರೂ ನೆಟ್ಟಗೆ ಕೂತರು. ಸಡಿಲ ಬೆನ್ನಿಗೆ ಮಾಡಿದ ಕುರ್ಚಿ ನೆಟ್ಟನೆಯ ಬೆನ್ನಿಗೆ ಹೇಗೆ ಒಗ್ಗೀತು? ಒಬ್ಬ ಆಚೆ ಸರಿದ, ಒಬ್ಬ ಈಚೆ ಸರಿದ. ಎಣ್ಣೆ ಸಾಹುಕಾರ ಕೈಯೂರಿ ಅರ್ಧ ಎದ್ದ. ಯಜಮಾನ ಬಾಗಿಲ ಕಡೆ ನೋಡಿ ಹುಬ್ಬೇರಿಸಿದ.

ಓಡಿ ಹೋಗಿ ತಿರುಪು ತಿರುಗಿಸಲೇ ಎಂದು ವ್ಯಾಪಾರಿಯ ಕೈ ತುಡಿಯಿತು. ತಿರುಗಿಸಿದರೆ ಕುರ್ಚಿ ಆ ಗಳಿಗೆಗೆ ಸರಿಹೋಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಪಂಚೆ, ಅದೇ ಹಪ್ಪಳ. ಅವನು ಅಲ್ಲೇ ನಿಂತು ಲೆಕ್ಕ ಹಾಕಿದ. ಮಾಲಿನಲ್ಲಿ ದೋಷವಿಲ್ಲ. ಟೇಪು ಪೆಟ್ಟಿಗೆಯಲ್ಲಿದೆ. ಹಾಗಾದರೆ ಇವರನ್ನು ಇಲ್ಲಿ ನೆಟ್ಟಗೆ ಕೂರಿಸಿರುವುದು ಏನು?

ಅವನು ಕೈಮುಗಿದು, ಬಾಗಿಲು ಎಳೆದುಕೊಂಡು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತ.

ಒಳಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಕೆಮ್ಮು. ಆಮೇಲೆ ಯಾರೋ ಪೇಟೆಯ ಮೂಡಲ ಬಾಗಿಲ ಹತ್ತಿರ ಕಟ್ಟೋಣ ಎಂದರು, ಯಾರೋ ಅದೇನು ನಿಮ್ಮ ತಾತನ ಜಾಗವೇ ಎಂದರು. ದನಿ ಏರಿತು, ಇಳಿಯಿತು, ಮತ್ತೆ ಏರಿತು. ನಡುವೆ ಒಮ್ಮೆ ಎಲ್ಲರೂ ಒಟ್ಟಿಗೆ ನಕ್ಕರು. ಬಾಗಿಲು ತೆರೆಯಲಿಲ್ಲ. ಮೆಟ್ಟಿಲ ಮೇಲಿನ ನೆರಳು ಬೀದಿ ದಾಟಿತು. ವ್ಯಾಪಾರಿಯ ಸೊಂಟವೇ ಹಿಡಿಯಿತು. ಬಾಗಿಲು ತೆರೆಯಲಿಲ್ಲ.

ಹೊತ್ತು ಇಳಿದಾಗ ಎಲ್ಲರೂ ಒಮ್ಮೆಗೇ ಹೊರಗೆ ಬಂದರು. ಉಗ್ರಾಣದ ಜಾಗ ನಿಶ್ಚಯವಾಗಿತ್ತು. ಪಾಯಕ್ಕೆ ಯಾವ ಕಲ್ಲು, ಕೀಲಿ ಯಾರ ಕೈಲಿ ಎಂದು ವಾದಿಸುತ್ತಾ ಅವನನ್ನು ದಾಟಿ ನಡೆದರು. ಒಬ್ಬನೂ ಅವನ ಕಡೆ ನೋಡಲಿಲ್ಲ. ವ್ಯಾಪಾರಿ ಯಜಮಾನನ ಹಿಂದೆ ಓಡಿದ.

“ಯಜಮಾನ್ರೇ, ಕುರ್ಚಿ ಹೇಗಿತ್ತು?”

“ಯಾವ ಕುರ್ಚಿ?” ಎಂದ ಯಜಮಾನ.

ವ್ಯಾಪಾರಿ ನಡುಬೀದಿಯಲ್ಲಿ ನಿಂತು ಹೊಟ್ಟೆ ತುಂಬ ನಕ್ಕ. ಭೇಷ್ ಎನ್ನಿಸಿಕೊಂಡ ದಿನಗಳಲ್ಲಿ ಒಂದು ದಿನವೂ ಅವನು ಹಾಗೆ ನಕ್ಕಿರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಗಿರಾಕಿಗಳು ನಿಂತಿದ್ದರು. ಎಲ್ಲರೂ ಎರಡನೆಯ ಕುರ್ಚಿಗೆ ಬಂದವರು. ವ್ಯಾಪಾರಿ ಕಾಫಿಗೆ ಹೇಳಿ, ಹಿಂದಿನ ಜಗಲಿ ತೋರಿಸಿ, ಈಗ ಬಂದೆ ಎಂದು ಎದ್ದು ಹೋದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ಇನ್ನು ಮೇಲೆ ಯಾರನ್ನೂ ಕೂರಿಸಿಕೊಂಡು ಕೇಳುವುದಿಲ್ಲ. ಅವರಿಗೆ ಗೊತ್ತಾಗದಂತೆ ಅವರ ನಡುವೆಯೇ ಓಡಾಡುತ್ತಾ ಗಮನಿಸುತ್ತೇನೆ.”

“ನೀನು ಒಳಗೆ ಬಂದ ಮೇಲೂ ಈ ಮಠದಲ್ಲಿ ಯಾರಾದರೂ ನಗುವುದನ್ನು ಮುಂದುವರಿಸಿದ್ದುಂಟೇ?” ಎಂದು ಗುರುಗಳು ಕೇಳಿದರು.