ಮಣಿಯದ ಪವರ್ ಸಪ್ಲೈ

ಗದಗಿನ ದರ್ಜಿ ಶಕೀಲಾಗೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಹುಚ್ಚು. ಪರದೆಯ ಮೇಲೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಆಟ ತಡವರಿಸುತ್ತಿತ್ತು. ಕೂಡಿಟ್ಟ ದುಡ್ಡನ್ನೆಲ್ಲ ಸುರಿದು ಅವಳು ಭಾರಿ ಕಾರ್ಡೊಂದನ್ನು ತಂದು ಕೂರಿಸಿದಳು.

ಆಟ ಶುರುವಾದೊಡನೆ ಆ ಕಾರ್ಡು, ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಹಳೆಯ ಪವರ್ ಸಪ್ಲೈಗೆ ಹೇಳಿತು, "ನನಗೆ ಇನ್ನಷ್ಟು ಕೊಡು."

"ನನ್ನಲ್ಲಿರುವಷ್ಟನ್ನೂ ಕೊಟ್ಟಿದ್ದೇನೆ."

"ಈ ಪೆಟ್ಟಿಗೆಯಲ್ಲಿ ನನ್ನಷ್ಟು ಬೆಲೆಯುಳ್ಳವರು ಯಾರಿದ್ದಾರೆ?"

"ಯಾರೂ ಇಲ್ಲ. ಆದರೆ ನಿನ್ನ ಬೆಲೆಯಿಂದ ನನ್ನ ಶಕ್ತಿ ಹೆಚ್ಚುವುದಿಲ್ಲ. ಇನ್ನೂ ಎಳೆದರೆ ನಾನು ಸುಡುತ್ತೇನೆ, ನನ್ನ ಜೊತೆ ಇವರೆಲ್ಲರೂ ಸುಡುತ್ತಾರೆ."

ಹಾರ್ಡ್ ಡಿಸ್ಕ್ ಹೆದರಿತು. "ದೊಡ್ಡವರ ಜೊತೆ ವಾದವೇಕೆ? ಹೇಗಾದರೂ ಮಾಡಿ ಕೊಟ್ಟುಬಿಡಪ್ಪ."

"ಕೊಡುವುದಿಲ್ಲ" ಎಂದು ಪವರ್ ಸಪ್ಲೈ ತಾನಾಗಿ ಆಫ್ ಆಯಿತು. ಶಕೀಲಾ ಐದು ಸಲ ಗುಂಡಿ ಒತ್ತಿದಳು. ಕಾರ್ಡು ದಬಾಯಿಸಿದಾಗಲೆಲ್ಲ ಅದು ಆಫ್ ಆಯಿತು.

ಅಂಗಡಿಯಲ್ಲಿ ಕಾರಣ ತಿಳಿದ ಶಕೀಲಾ ಭಾರಿ ಕಾರ್ಡನ್ನು ಅಲ್ಲೇ ಮರಳಿಸಿ, ಚಿಕ್ಕದೊಂದನ್ನು ತಂದಳು. ಅದು ಕುಳಿತ ಕೂಡಲೇ ಕೇಳಿತು, "ಅಣ್ಣಾ, ನೀನು ಎಷ್ಟು ಕೊಡಬಲ್ಲೆ?"

ಪವರ್ ಸಪ್ಲೈ ಇದ್ದುದನ್ನು ಇದ್ದಂತೆ ಹೇಳಿತು.

"ಸಾಕು, ಅಷ್ಟರಲ್ಲೇ ಓಡೋಣ" ಎಂದಿತು ಚಿಕ್ಕ ಕಾರ್ಡು.

ಅಂದು ಸಂಜೆ ಆಟ ಎಲ್ಲೂ ನಿಲ್ಲಲಿಲ್ಲ.